ಪುಟ್ತಾಯಮ್ಮ ಬಾರದ ಕಾಳಜಿ ಕೇಂದ್ರ

ನಾನು ಅನುಮಾನದ ಪ್ರಾಣಿ. ಯಾರಾದರೂ ದಾರಿಯಲ್ಲಿ ನಿಲ್ಲಿಸಿ ‘ಚೆನ್ನಾಗಿದ್ದೀರಾ?’ ಎಂದರೆ, ಚೆನ್ನಾಗಿಲ್ಲವೆಂದು ಇವರಿಗೆ ಯಾರು ಹೇಳಿದರು ಎಂದು ಯೋಚಿಸುತ್ತೇನೆ. ತರಕಾರಿಯವನು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ, ಬದನೆಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ತೂತು ಹುಡುಕುತ್ತೇನೆ. ಮದುವೆಯ ಹೊಸದರಲ್ಲಿ ಹೆಂಡತಿ ‘ನಿಮ್ಮ ಅಕ್ಷರ ಎಷ್ಟು ಚೆಂದ’ ಎಂದಾಗ, ನನ್ನ ಯಾವ ಕಾಗದ ಓದಿದಳೋ ಎಂದು ಪೆಟ್ಟಿಗೆ ತೆಗೆದು ನೋಡಿದವನು ನಾನು. ಇಂಥವನನ್ನು ಮುಖ್ಯೋಪಾಧ್ಯಾಯನನ್ನಾಗಿ ಮಾಡಿ ಹೇಮಾವತಿ ದಂಡೆಯ ಒಂದು ಶಾಲೆಗೆ ಕಳಿಸಿದರು.

ಹೊಳೆನರಸೀಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಊರು. ಗೊರೂರು ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟರೆ ಕೆಳಗಿನ ಬೀದಿಗೆ ಹೊಳೆ ನುಗ್ಗುತ್ತದೆ. ಆಗ ನಮ್ಮ ಶಾಲೆಯೇ ಕಾಳಜಿ ಕೇಂದ್ರ. ಪಾಠದ ಕೋಣೆಗಳಲ್ಲಿ ಜನ ಮಲಗುತ್ತಾರೆ, ನಾನು ಉಪ್ಪಿಟ್ಟಿನ ಉಸ್ತುವಾರಿ. ಹೋದ ವರ್ಷ ಆಟೋಗೆ ಮೈಕು ಕಟ್ಟಿಸಿಕೊಂಡು ನಾನೇ ಕೂಗಿದೆ. ಬೀದಿಯವರೆಲ್ಲ ಬಂದರು. ಪುಟ್ತಾಯಮ್ಮ ಎಂಬ ಅರವತ್ತು ದಾಟಿದ ಹೆಂಗಸು ಮಾತ್ರ ಹಸಿ ಬಾಣಂತಿ ಸೊಸೆ, ಮೊಮ್ಮಗುವಿನೊಂದಿಗೆ ಮನೆಯಲ್ಲೇ ಉಳಿದಳು. ನೀರು ಹಿತ್ತಲು ದಾಟಿ ಅಡುಗೆಮನೆಯ ಮೆಟ್ಟಿಲಿಗೆ ಬಂತು. ಕಡೆಗೆ ದೋಣಿ ತರಿಸಬೇಕಾಯಿತು. ಕೂಸನ್ನು ಮೊರದಲ್ಲಿ ಮಲಗಿಸಿ ಕೈಯಿಂದ ಕೈಗೆ ದಾಟಿಸುವಾಗ ದಂಡೆಯಲ್ಲಿ ನಿಂತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೂ ಆಕೆ ನಮ್ಮ ಕೇಂದ್ರಕ್ಕೆ ಬರದೆ ಚನ್ನರಾಯಪಟ್ಟಣದ ತಂಗಿಯ ಮನೆಗೆ ಹೊರಟುಹೋದಳು. ಹಟಮಾರಿ ಮುದುಕಿ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ವಸುಧಾ ಎಂಬ ಸಂಶೋಧಕಿ ಶಾಲೆಗೆ ಬಂದರು. ವಿಪತ್ತಿನಲ್ಲಿ ಜನ ಏನು ಯೋಚಿಸುತ್ತಾರೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂದು ಅಧ್ಯಯನ ಮಾಡುವವರನ್ನೂ, ನನ್ನಂತೆ ವಿಪತ್ತಿನಲ್ಲಿ ಓಡಾಡುವವರನ್ನೂ ಒಟ್ಟಿಗೆ ಕೂರಿಸುವುದು ಅವರ ಕೆಲಸವಂತೆ. ಹಾಸನದಲ್ಲಿ ಸಭೆ ಮಾಡುತ್ತಾರಂತೆ. ಅದಕ್ಕೆ ಮೊದಲು ಊರವರನ್ನು ಮಾತಾಡಿಸಬೇಕಂತೆ. ನನಗೆ ತಕ್ಷಣ ಹೊಳೆಯಿತು: ಉಪ್ಪಿಟ್ಟಿನ ಮೇಲೆ ಯಾರೋ ಅರ್ಜಿ ಹಾಕಿದ್ದಾರೆ, ಇದು ವೇಷ ಮರೆಸಿಕೊಂಡ ತನಿಖೆ! ಮೂರು ದಿನವೂ ಉಪ್ಪಿಟ್ಟೇ ಬಡಿಸಿದ್ದಂತೂ ನಿಜ. ‘ನಾಳೆ ಬನ್ನಿ ಮೇಡಂ’ ಎಂದು ಅವರನ್ನು ಸಾಗಹಾಕಿ, ಆ ಸಂಜೆಯೇ ಕೆಳಗಿನ ಬೀದಿಗೆ ಹೋಗಿ ‘ಚೆನ್ನಾಗಿ ನೋಡಿಕೊಂಡರು’ ಎಂಬ ವಾಕ್ಯವನ್ನು ಮನೆಮನೆಗೂ ಬಾಯಿಪಾಠ ಮಾಡಿಸಿದೆ. ಪುಟ್ತಾಯಮ್ಮನ ಮನೆಯೊಂದನ್ನು ಬಿಟ್ಟೆ. ಕೇಂದ್ರಕ್ಕೇ ಬಾರದವಳು ಉಪ್ಪಿಟ್ಟಿನ ಬಗ್ಗೆ ಏನು ಹೇಳಿಯಾಳು?

ಮರುದಿನ ವಸುಧಾ ನೇರವಾಗಿ ಹೋಗಿ ಕೂತದ್ದು ಆಕೆಯ ಜಗಲಿಯ ಮೇಲೆ. ನಾನು ಕಂಬಕ್ಕೆ ಒರಗಿ ಕಿವಿ ನಿಮಿರಿಸಿದೆ. ಬಂದವರು ಡಾಕ್ಟರ್ ಎಂದು ಯಾರೋ ಹೇಳಿದ್ದರಿಂದ ಪುಟ್ತಾಯಮ್ಮ ಮೊದಲು ತನ್ನ ಊದಿದ ಮಂಡಿ ತೋರಿಸಿದಳು. ‘ನಾನು ಆ ಡಾಕ್ಟರ್ ಅಲ್ಲಮ್ಮ’ ಎಂದು ವಸುಧಾ ನಕ್ಕು, ಅವತ್ತು ಯಾಕೆ ಶಾಲೆಗೆ ಹೋಗಲಿಲ್ಲ ಎಂದು ಕೇಳಿದರು.

“ಓಗ್ಬೋದಿತ್ತು ಕಣವ್ವ. ಮನೇಲಿ ಅಸಿ ಬಾಣಂತಿ ಇದ್ಲು. ಆ ಇಸ್ಕೂಲಲ್ಲಿ ಎಣ್ಮಕ್ಳ ಕಕ್ಕಸಿಗೆ ಒಳಗ್ಡೆ ಚಿಲ್ಕನೇ ಇಲ್ಲ. ಗಂಡಸ್ರೆಲ್ಲ ಅಲ್ಲೇ ಓಡಾಡ್ತಿರ್ತಾರೆ. ನನ್ ದೊಡ್ ಮೊಮ್ಮಗ್ಳು ಅಲ್ಲೇ ಓದಿದ್ದು, ಬಾಗ್ಲು ಇಡ್ಕಳಕ್ಕೆ ದಿನಾ ಜತೆಗೊಬ್ಳ ಕರ್ಕಂಡೋಗ್ತಿದ್ಲು.”

ನನಗೆ ತಡೆಯಲಾಗಲಿಲ್ಲ. “ಇದನ್ನ ಅವತ್ತೇ ನನಗೆ ಹೇಳಬಾರದಿತ್ತೇನಮ್ಮ?”

“ನೀವೆಲ್ಲಿ ಕೇಳುದ್ರಿ ಸಾ? ಮೈಕಲ್ಲಿ ಕೂಗ್ಬುಟ್ಟು ಒಂಟೋದ್ರಿ.”

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಹೆಣ್ಣುಮಕ್ಕಳು ಚಿಲಕ ಬೇಕೆಂದು ಒಂದು ಚೀಟಿ ಬರೆದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಇದರ ಹಿಂದೆ ಯಾವ ಮೇಷ್ಟ್ರ ಕೈವಾಡವಿದೆ ಎಂದು ನಾನು ಒಂದು ವಾರ ಅಕ್ಷರ ತಾಳೆ ನೋಡಿದ್ದೆ. ಚಿಲಕದ ವಿಷಯ ಅಷ್ಟಕ್ಕೇ ನಿಂತಿತ್ತು. ಮೊರದಲ್ಲಿದ್ದ ಕೂಸು ನೆನಪಾಗಿ ಅವತ್ತು ಮನೆಯಲ್ಲಿ ಊಟ ಸೇರಲಿಲ್ಲ. ಮರುದಿನವೇ ಪೇಟೆಯಿಂದ ಚಿಲಕ ತಂದು, ಆಚಾರಿಯ ಪಕ್ಕದಲ್ಲೇ ನಿಂತು ಹಾಕಿಸಿದೆ.

ಹಾಸನದ ಸಭೆಯಲ್ಲಿ ಬಾಗಿಲ ಪಕ್ಕದ ಕುರ್ಚಿ ಹಿಡಿದೆ, ಬೈಗುಳ ಶುರುವಾದರೆ ಎದ್ದು ಹೋಗಲು ಅನುಕೂಲವೆಂದು. ಒಂದು ಕಡೆ ಲ್ಯಾಪ್‌ಟಾಪಿನವರು, ಇನ್ನೊಂದು ಕಡೆ ಕೆಸರು ತುಳಿದವರು. ನನ್ನ ಸರದಿ ಬಂದಾಗ ಚೀಟಿಯಿಂದ ಮೊರದವರೆಗೆ ಎಲ್ಲ ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ಅರಕಲಗೂಡು ಕಡೆಯ ಗೃಹರಕ್ಷಕನೊಬ್ಬ ಎದ್ದು, “ನಮ್ ಕಡೆ ಚಿಲ್ಕ ಐತೆ ಸಾ, ಆದ್ರೆ ಒರಗ್ಡೆ ಐತೆ” ಎಂದ. ಸಭೆಯೆಲ್ಲ ನಕ್ಕಿತು. ಸಂಶೋಧಕರೊಬ್ಬರು ಮಾತ್ರ ನಗದೆ ಏನೋ ಬರೆದುಕೊಂಡರು. ನನ್ನ ಹೆಸರೇ ಇರಬೇಕೆಂದು ಕತ್ತು ಉದ್ದ ಮಾಡಿ ನೋಡಿದೆ. ‘ಮೊದಲು ಕೇಳಬೇಕು’ ಎಂದಷ್ಟೇ ಇತ್ತು.

ಮಳೆಗಾಲ ಬಂತು. ಹೊಳೆ ಏರುತ್ತಿದ್ದ ಒಂದು ಬೆಳಿಗ್ಗೆ ವಸುಧಾ ಫೋನ್ ಮಾಡಿ, “ಸರ್, ಆ ಚಿಲಕದ ಒಂದು ಫೋಟೋ ಕಳಿಸ್ತೀರಾ?” ಎಂದರು. ಸಾಕ್ಷಿ ಕೇಳುತ್ತಿದ್ದಾರೆ ಎಂದುಕೊಂಡೆ. ಮೂರು ಕಡೆಯಿಂದ ತೆಗೆದು ಕಳಿಸಿ, ಮೈಕು ಹಿಡಿದು ಹೊರಟೆ. ಈ ಸಲ ಮನೆಮನೆಗೂ ಇಳಿದು ಏನು ಬೇಕೆಂದು ಕೇಳಿದೆ. ವಾಪಸು ಬಂದು ನೋಡಿದರೆ ಎಲ್ಲರಿಗಿಂತ ಮೊದಲು ಪುಟ್ತಾಯಮ್ಮ ಸೊಸೆಯೊಂದಿಗೆ ಶಾಲೆಯ ಮೆಟ್ಟಿಲ ಮೇಲಿದ್ದಾಳೆ, ತನ್ನ ಸೊಂಟದಲ್ಲಿ ಕೂಸು. ನನಗೆ ಹಿಗ್ಗು ತಡೆಯಲಾಗಲಿಲ್ಲ.

“ಈ ಸಲ ನನ್ನ ಮಾತು ನಂಬಿದಿರಲ್ಲಮ್ಮ!”

“ಅಯ್ಯೋ, ನಿಮ್ ಮಾತ್ನ ಎಂಗ್ ನಂಬಾದು ಸಾ? ಬೆಳಿಗ್ಗೆನೇ ಡಾಕ್ಟ್ರವ್ವಂಗೆ ಪೋನ್ ಮಾಡುದ್ನಲ್ಲ, ಚಿಲ್ಕ ಆಕ್ಸವ್ರಾ ನೋಡೇಳವ್ವ ಅಂತ. ಪೋಟ ಬಂತು, ಬಂದೆ. ಅಂಗೂ ಒಂದ್ಸಲ ನೋಡ್ಬುಡ್ತೀನಿ.”

ಒಳಗೆ ಹೋಗುವ ಮುನ್ನ ಕೂಸನ್ನು ಕೊಟ್ಟಾಳೆಂದು ನಾನು ಎರಡೂ ಕೈ ಚಾಚಿದೆ. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ನನ್ನ ಹಿಂದೆ ನಿಂತಿದ್ದ ಶಾಲೆಯ ಅಡುಗೆಯವಳ ಕೈಗೆ ಕೂಸನ್ನು ಕೊಟ್ಟು, ಸೊಸೆಯನ್ನು ಕರೆದುಕೊಂಡು ಕಕ್ಕಸಿನ ಕಡೆ ನಡೆದಳು. ಚಾಚಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದೆ. ಎಲ್ಲರೂ ನೋಡುತ್ತಿದ್ದರು.