ತೆಂಗಿನಕಾಯಿಗೆ ಸೋತ ಮೀನಾಬಾಯಿಯವರ ಸನ್ನಿಧಿಗೆ

ಮಹಬೂಲಾ, ಕುವೈತ್
ಜೂನ್ ತಿಂಗಳ ಎರಡನೇ ಶುಕ್ರವಾರ, ನೆರಳಿನಲ್ಲಿ ನಲವತ್ತೆಂಟು ಡಿಗ್ರಿ

ಇವರಿಗೆ,
ಶ್ರೀಮತಿ ವಿಲ್ಹೆಲ್ಮಿನಾ ಉರುಫ್ ಮೀನಾಬಾಯಿ,
ಮೂವತ್ತು ಅಡಿ ಉದ್ದದ ಹಾಯಿದೋಣಿ,
ದೋಣಿ ರಿಪೇರಿ ಯಾರ್ಡಿನ ಹಿಂಬದಿಯ ಸಾಲು, ಕಬ್ಬಿಣದ ಆರು ಕಾಲುಗಳ ಮೇಲೆ.

ಮಾನ್ಯರೇ,

ಏಳನೇ ಮಹಡಿಯ ಬಾಡಿಗೆ ಫ್ಲ್ಯಾಟಿನಿಂದ, ಅಹ್ಮದಿಯ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿರುವ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ, ಪ್ರಾಸ ಸಿಕ್ಕರೆ ಊಟ ಮರೆಯುವ ಮೋನಪ್ಪ ತಮಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂಬುದು ಇಲ್ಲಿ ಅಲಂಕಾರದ ಮಾತಲ್ಲ. ಕಳೆದ ನವೆಂಬರಿನಿಂದ ಪ್ರತಿ ಶುಕ್ರವಾರವೂ ತಮ್ಮ ಹೊಟ್ಟೆಯ ಕೆಳಗೆ ಅಂಗಾತವೋ ಬೋರಲೋ ಮಲಗಿಯೇ ಇದ್ದವನು ನಾನು. ಇತ್ತ ನನ್ನ ಬಲಮಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಬೇಕಾದದ್ದೆಲ್ಲ ಅಂಗಡಿಯಿಂದ ಬಂದು ನನ್ನ ಮಂಚದ ಕೆಳಗೆ ಕೂತಿದೆ.

ಮನೆಯ ಜಗಳವನ್ನು ಬೀದಿಗೆ ತರುವುದು ಸಭ್ಯರ ಲಕ್ಷಣವಲ್ಲವೆಂದು ನಾನೂ ಬಲ್ಲೆ. ಆದರೆ ಖಾಸಗಿಯಾಗಿ ಸಲ್ಲಿಸಿದ ಅಹವಾಲುಗಳಿಗೆ, ಅಂದರೆ ಬೇಡಿಕೊಂಡದ್ದಕ್ಕೆ, ಬೈದದ್ದಕ್ಕೆ, ಒಮ್ಮೆ ಸ್ಪ್ಯಾನರಿನಿಂದ ಹೊಡೆದದ್ದಕ್ಕೂ ತಾವು ಒಂದು ಹನಿ ತುಕ್ಕುನೀರು ಬಿಟ್ಟು ಬೇರೇನೂ ಉತ್ತರ ಕೊಡದ ಕಾರಣ, ಈ ಪತ್ರವನ್ನು ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಕೊಡುತ್ತಿದ್ದೇನೆ. ಸಂಪಾದಕರು ಕೇಳಿದ್ದು 'ಕೊಲ್ಲಿಯಲ್ಲಿ ನನ್ನ ಸಾಧನೆ' ಎಂಬ ಲೇಖನ. ನನ್ನ ಬಳಿ ಇರುವುದು ತಾವು.

ತಾವು ನಮ್ಮ ಬಾಳಿಗೆ ಬಂದ ಬಗೆ ತಮಗೆ ಮರೆತಿರಲಾರದು. ಅಹ್ಮದಿಯಲ್ಲಿದ್ದ ಡಚ್ ಎಂಜಿನಿಯರರೊಬ್ಬರು ಊರಿಗೆ ಮರಳುವಾಗ, ಹನ್ನೆರಡು ವರ್ಷ ತಮ್ಮ ಹಗ್ಗ ಹಿಡಿದು, ತಮ್ಮ ಎಂಜಿನ್ನಿನ ಕೆಮ್ಮು ಕೇಳಿದ ಮೆಕ್ಯಾನಿಕ್ ಆಗಸ್ಟಿನರ ಕೈಗೆ ತಮ್ಮನ್ನು ಪುಕ್ಕಟೆಯಾಗಿ ಒಪ್ಪಿಸಿ ಹೋದರು. ಆಗಸ್ಟಿನರು ಕಲ್ಯಾಣಪುರದ ಕೊಂಕಣಿ ಕ್ರೈಸ್ತರು, ನನಗಿಂತ ಹದಿನಾಲ್ಕು ವರ್ಷ ಹಿರಿಯರು. ನಮ್ಮ ತುಳುವರ ಮರ್ಯಾದೆಯಂತೆ ನಾನು ಅವರನ್ನು ಪೊರ್ಬುಗಳೇ ಎಂದೂ ಅವರು ನನ್ನನ್ನು ಮಾರಾಯ ಎಂದೂ ಕರೆಯುತ್ತ ಇಪ್ಪತ್ತು ವರ್ಷ ಒಂದೇ ಕ್ಯಾಂಟೀನಿನಲ್ಲಿ ಉಂಡವರು. ವಿಲ್ಹೆಲ್ಮಿನಾ ಎಂಬ ತಮ್ಮ ನಾಮಧೇಯ ಬಾಯಿಗೆ ದೊಡ್ಡದಾಯಿತೆಂದು ಅದರ ಬಾಲ ಹಿಡಿದು ಮೀನಾ ಮಾಡಿ, ಗೌರವಕ್ಕೆ ಬಾಯಿ ಸೇರಿಸಿದವರೂ ಅವರೇ. "ಅರ್ಧ ದೋಣಿ ನಿನ್ನದು ಮಾರಾಯ" ಎಂದು ಅವರು ಹೇಳಿದಾಗ, ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಬಾರದೆಂದು ನಾನು ಕಣ್ಣು ಮುಚ್ಚಿ ಒಪ್ಪಿದೆ. ಸೋರುವ ಅರ್ಧ ಯಾವುದೆಂದು ಆಗ ಕೇಳಲಿಲ್ಲ. ತಾವೂ ನಾನೂ ಒಂದೇ ವರ್ಷ ಹುಟ್ಟಿದವರೆಂಬ ಅಭಿಮಾನ ಬೇರೆ. ಇಬ್ಬರಿಗೂ ನಡು ಬಿದ್ದಿದೆ, ಇಬ್ಬರ ಬಣ್ಣವೂ ಹೋಗಿದೆ, ಇಬ್ಬರನ್ನೂ ಎತ್ತಲು ಈಗ ಕ್ರೇನ್ ಬೇಕು.

ಇರಲಿ, ವಿಷಯಕ್ಕೆ ಬರುತ್ತೇನೆ. ಅರುವತ್ತು ತುಂಬಿದ ಆಗಸ್ಟಿನರ ನೌಕರಿ ಮಾರ್ಚ್ ಕೊನೆಗೆ ಮುಗಿಯುವುದೆಂದೂ, ಇಕಾಮಾ ಎಂಬ ವಾಸದ ಪರವಾನಗಿ ರದ್ದಾಗಿ ಏಪ್ರಿಲ್ ಎರಡಕ್ಕೆ ಅವರು ಮಂಗಳೂರಿನ ವಿಮಾನ ಹತ್ತುವರೆಂದೂ ಕಳೆದ ಅಕ್ಟೋಬರಿನಲ್ಲೇ ಗೊತ್ತಾಗಿತ್ತು. ಅಷ್ಟು ವರ್ಷ ಡಚ್ ಸಾಹೇಬರ ಜೊತೆ ಫೈಲಕಾ ದ್ವೀಪಕ್ಕೆ ಹೋದಾಗಲೆಲ್ಲ ಚುಕ್ಕಾಣಿ ಸಾಹೇಬರದು, ಹಗ್ಗ ಆಗಸ್ಟಿನರದು. ಹೋಗುವ ಮೊದಲು ಒಮ್ಮೆ, ಒಂದೇ ಒಂದು ಸಲ, ತಾನೇ ಚುಕ್ಕಾಣಿ ಹಿಡಿದು, ಎಂಜಿನ್ ನಿಲ್ಲಿಸಿ, ಬರೀ ಗಾಳಿಯಲ್ಲಿ ಫೈಲಕಾ ಮುಟ್ಟಬೇಕೆಂಬುದು ಅವರ ಆಸೆ. "ಅಷ್ಟೇ ಮಾರಾಯ, ಮತ್ತೆ ಖಲಾಸ್" ಎಂದಿದ್ದರು. ನಾನು ಎದೆ ತಟ್ಟಿ, ಚಳಿಗಾಲದಲ್ಲಿ ತಮ್ಮನ್ನು ಹೊಸ ಮದುಮಗಳಂತೆ ಮಾಡಿಕೊಡುವೆನೆಂದು ಮಾತು ಕೊಟ್ಟೆ. ಈ ಪತ್ರದಲ್ಲಿ ಮುಂದೆ ಬರುವ ಅವಾಂತರವೆಲ್ಲ ಆ ಎದೆ ತಟ್ಟಿದ್ದರಿಂದಲೇ ಹುಟ್ಟಿದ್ದು.

ದೋಣಿ ರಿಪೇರಿಯನ್ನು ನಾನು ಯಾರಿಂದ ಕಲಿತೆನೆಂದು ತಾವು ಕೇಳಬಹುದು. ನನ್ನ ಅಜ್ಜ ಕೈರಂಪಣಿ ಬಲೆ ಎಳೆದವರು. ನಾನು ಎಳೆದದ್ದು ಸ್ಟಾಕ್ ರಿಜಿಸ್ಟರಿನ ಗೆರೆ. ಆದ್ದರಿಂದ ಅಜ್ಜನ ವಿದ್ಯೆಯನ್ನು ಮೊಬೈಲಿನಲ್ಲಿ ಹುಡುಕಿದೆ. ಅಲ್ಲಿ ಸಿಕ್ಕವರು ಯಾವುದೋ ಹಿಮದ ದೇಶದ ಬಿಳಿಗಡ್ಡದ ಅಜ್ಜ. ಬೇಸಿಗೆಯಿಡೀ ದೋಣಿ ನಡೆಸಬೇಕು, ಚಳಿ ಶುರುವಾಗುತ್ತಲೇ ದಡಕ್ಕೆ ಎತ್ತಿ ನಾಲ್ಕು ತಿಂಗಳು ರಿಪೇರಿ ಮಾಡಬೇಕು ಎಂದು ಅವರು ಅಪ್ಪಣೆ ಕೊಡಿಸಿದರು. ನಾನು ನವೆಂಬರ್ ಮೊದಲ ವಾರವೇ ತಮ್ಮನ್ನು ಎತ್ತಿಸಿದೆ. ಕುವೈತಿನಲ್ಲಿ ಮನುಷ್ಯಮಾತ್ರದವನು ಸಮುದ್ರಕ್ಕೆ ಹೋಗಬಹುದಾದದ್ದು ಆ ನಾಲ್ಕು ತಿಂಗಳು ಮಾತ್ರ ಎಂಬ ಸಂಗತಿ, ಇಲ್ಲಿ ಇಪ್ಪತ್ತು ಬೇಸಿಗೆ ಬೆಂದವನಿಗೆ ಹೊಳೆಯಲಿಲ್ಲ. ಅದನ್ನು ಡಿಸೆಂಬರಿನಲ್ಲಿ ತಿಳಿಸಿದವಳು ನನ್ನ ಹೆಂಡತಿ ಸುಗಂಧಿ, ಅದೂ ಬಟ್ಟೆ ಮಡಚುತ್ತ: "ಊರಲ್ಲಿ ಆಟಿ ತಿಂಗಳ ಮಳೆಯಲ್ಲಿ ದೋಣಿ ಮೇಲೆ ಹಾಕುವುದು ಸಮುದ್ರಕ್ಕೆ ಇಳಿಯಲಿಕ್ಕೆ ಆಗುವುದಿಲ್ಲ ಅಂತ. ನೀವು ಇಳಿಯಲಿಕ್ಕೆ ಆಗುವ ಸಮಯ ನೋಡಿಯೇ ಮೇಲೆ ಹಾಕಿದ್ದೀರಲ್ಲ, ಇದಕ್ಕೆ ಬಿ.ಎ. ಬೇಕಿತ್ತಾ ಮಾರಾಯ್ರೆ?"

ಆದರೂ ಗುರುಭಕ್ತಿ ಎಂಬುದೊಂದಿದೆಯಲ್ಲ. ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯದಂತೆ ಗುಲಾಬಿ ಬಣ್ಣದ ಒಂದು ದ್ರವ ತುಂಬಬೇಕೆಂದು ಗಡ್ಡದ ಅಜ್ಜ ಹೇಳಿದ್ದರಿಂದ ಶುವೈಖ್‌ನ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯಾತ "ಭಾಯಿ, ಕುವೈತ್ ಮೇ ಬರಫ್?" ಎಂದು ನನ್ನನ್ನೇ ನೋಡಿ, ಒಳಗಿದ್ದ ಮೂವರನ್ನು ಕರೆದು ಅವರಿಗೂ ನನ್ನನ್ನು ತೋರಿಸಿ, ಕೊನೆಗೆ ಚಹಾ ಕೊಟ್ಟು ಕಳುಹಿಸಿದ. ನಾನು ಬೇರೆ ಅಂಗಡಿಯಲ್ಲಿ ಅದನ್ನು ತಂದು ತಮ್ಮ ಕೊಳವೆಗಳಿಗೆ ತುಂಬಿಯೇ ತುಂಬಿದೆ. ತಮ್ಮ ಕೊಳವೆಗಳು ಹೆಪ್ಪುಗಟ್ಟಲಿಲ್ಲವೆಂಬುದನ್ನು ಇಲ್ಲಿ ಹೆಮ್ಮೆಯಿಂದ ದಾಖಲಿಸುತ್ತೇನೆ.

ತಮ್ಮ ಸೌಕರ್ಯಕ್ಕಾಗಿ ನಾವು ಮಾಡಿದ ಸುಧಾರಣೆಗಳನ್ನು ನೆನಪಿಸುವುದು ಹಂಗಿಸುವುದಕ್ಕಲ್ಲ. ಹಳೆಯ ಬಲ್ಬುಗಳ ಜಾಗದಲ್ಲಿ ಎಲ್‌ಇಡಿ ದೀಪ, ಮೇಲೆ ಸೋಲಾರ್ ಹಲಗೆ, ತಳದಲ್ಲಿ ಸೇರಿದ ನೀರನ್ನು ತಾನಾಗಿ ಹೊರಚೆಲ್ಲುವ ಪಂಪು. ಈ ಪಂಪಿನ ಬುದ್ಧಿವಂತಿಕೆಗೆ ನನ್ನ ಪ್ರತ್ಯೇಕ ಪ್ರಣಾಮಗಳು. ನೀರಿದ್ದಾಗ ಧ್ಯಾನದಲ್ಲಿರುತ್ತದೆ, ಒಣಗಿದ್ದಾಗ ಗುಡುಗುತ್ತದೆ. ಹೊಸ ಕಕ್ಕಸಿನ ಕೈಪಂಪನ್ನು ನಾನು ತಿರುಗುಮುರುಗಾಗಿ ಕೂರಿಸಿದ್ದರ ಪರಿಣಾಮವನ್ನು, ಈ ಸಂಚಿಕೆಯನ್ನು ಹೆಂಗಸರು ಮಕ್ಕಳು ಓದುವುದರಿಂದ, ವಿವರಿಸುವುದಿಲ್ಲ. ಮಗಳು ಅಕ್ಷಿತಾ ಮಾತ್ರ ಎರಡು ದಿನ ನನ್ನ ಕಾರಿನಲ್ಲಿ ಶಾಲೆಗೆ ಹೋಗಲೊಪ್ಪಲಿಲ್ಲ. ಆ ದಿನಗಳಲ್ಲಿ ಬರೆದದ್ದು:

ತೇಲಬೇಕಾದ ದೋಣಿ ಕಾಲಿನ ಮೇಲೆ,
ಮಲಗಬೇಕಾದ ನಾನು ಏಣಿಯ ಮೇಲೆ.

ಈಗ, ಮಾನ್ಯರೇ, ಹೇಳಲೇಬೇಕಾದ, ಆದರೆ ಹೇಳಲು ನಾಲಿಗೆ ತಡೆಯುವ ವಿಷಯ. ದೋಣಿಯ ಮೈಯನ್ನು ಸಣ್ಣ ಸುತ್ತಿಗೆಯಿಂದ ಕುಟ್ಟುತ್ತ ಹೋಗಬೇಕು. ಗಟ್ಟಿಯಿದ್ದಲ್ಲಿ ಟಕ್ ಎನ್ನುತ್ತದೆ, ಒಳಗೆ ಕೊಳೆತಲ್ಲಿ ಡಬ್ ಎನ್ನುತ್ತದೆ ಎಂದು ಗಡ್ಡದ ಅಜ್ಜ ಹೇಳಿದಾಗ ನನಗೆ ನಗು ಬಂತು. ತೆಂಗಿನಕಾಯಿ, ಹಲಸು, ಕಲ್ಲಂಗಡಿಗಳನ್ನು ಕುಟ್ಟಿ ಆರಿಸುವ ಕರಾವಳಿಯವನಿಗೆ ಇದನ್ನು ಹಿಮದವರು ಕಲಿಸಬೇಕೆ? ಜನವರಿಯ ಒಂದು ಶುಕ್ರವಾರ ನಾನು ಹೊರಗಿನಿಂದ ಕುಟ್ಟುತ್ತಲೂ ಆಗಸ್ಟಿನರು ಒಳಗೆ ಕೂತು ಕಿವಿಗೊಡುತ್ತಲೂ ಹೋದೆವು. ತಮ್ಮ ಮೂತಿಯ ಹತ್ತಿರ, ನೀರಿನ ಗೆರೆಗಿಂತ ಒಂದು ಗೇಣು ಮೇಲೆ, ಎಂದೋ ಯಾರೋ ಹಲಗೆ ತುಂಡಿಟ್ಟು ತೂತು ಮುಚ್ಚಿದ್ದ ಜಾಗದಲ್ಲಿ, ತಾವು ಸ್ಪಷ್ಟವಾಗಿ ಡಬ್ ಎಂದಿರಿ. "ಹೇಗುಂಟು ಮಾರಾಯ?" ಎಂದು ಒಳಗಿನಿಂದ ಕೂಗು ಬಂತು. ಅದನ್ನು ಕೊರೆದು ತೆಗೆದು ಹೊಸದಾಗಿ ಕಟ್ಟಲು ಎರಡು ತಿಂಗಳಾದರೂ ಬೇಕು, ಆಗಸ್ಟಿನರಿಗೆ ಉಳಿದದ್ದು ಹತ್ತು ಶುಕ್ರವಾರ, ಅದರಲ್ಲಿ ಎಂಜಿನ್ ಬೇರೆ ಬಾಕಿ. ನಾನು "ಟಕ್ ಪೊರ್ಬುಗಳೇ, ಕಲ್ಲಿನ ಹಾಗುಂಟು" ಎಂದೆ. ಆ ಸಂಜೆಯೇ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಮೂರು ಕೋಟು ನೀಲಿ ಬಣ್ಣ ಬಳಿದೆ. ಇಡೀ ದೋಣಿಯಲ್ಲಿ ಅಷ್ಟು ಚಂದದ ಜಾಗ ಇನ್ನೊಂದಿರಲಿಲ್ಲ.

ಮಾರ್ಚಿನ ಕೊನೆಯ ಶುಕ್ರವಾರ ಬಂತು. ಕೋಸ್ಟ್ ಗಾರ್ಡಿನ ಅನುಮತಿ ಜೇಬಿನಲ್ಲಿತ್ತು, ಕ್ರೇನ್ ಗೇಟಿನಲ್ಲಿತ್ತು, ಗಾಳಿ ಹೇಳಿ ಮಾಡಿಸಿದಂತಿತ್ತು. ಸುಗಂಧಿ ಕೋರಿ ರೊಟ್ಟಿ ಕಟ್ಟಿಕೊಂಡು, ಅಕ್ಷಿತಾಳನ್ನೂ ಕರೆದುಕೊಂಡು ಬಂದಿದ್ದಳು. ಆಗಸ್ಟಿನರು ಇಗರ್ಜಿಯಿಂದ ತಂದಿದ್ದ ಪವಿತ್ರ ಜಲವನ್ನು ತಮ್ಮ ಮೂತಿಗೆ ಚಿಮುಕಿಸಿ ಶಿಲುಬೆಯ ಗುರುತು ಮಾಡಿದರು. ನಮ್ಮ ಕಡೆ ದೋಣಿ ನೀರಿಗಿಳಿಯುವುದು ಕಾಯಿ ಒಡೆದ ಮೇಲೆಯೇ. ನಾನು ಸಲ್ವಾದ ಅಂಗಡಿಯಲ್ಲಿ ಇಪ್ಪತ್ತು ಕಾಯಿ ಕುಟ್ಟಿ ಕುಟ್ಟಿ ಆರಿಸಿ ತಂದ ಒಂದನ್ನು ಎರಡೂ ಕೈಯಲ್ಲೆತ್ತಿ, ಕುಲದೈವವನ್ನು ನೆನೆದು, ಕಣ್ಣು ಮುಚ್ಚಿ, ಅಜ್ಜನ ಬಲವನ್ನೆಲ್ಲ ತೋಳಿಗೆ ತಂದು ತಮ್ಮ ಮೂತಿಗೆ ಅಪ್ಪಳಿಸಿದೆ. ಕಾಯಿ ಒಡೆದ ಸದ್ದು ಬರಲಿಲ್ಲ. ಕಣ್ಣು ತೆರೆದರೆ ಕಾಯಿ ಅರ್ಧ ತಮ್ಮೊಳಗೆ ಕೂತಿತ್ತು, ಜುಟ್ಟು ಮಾತ್ರ ಹೊರಗಿತ್ತು.

ಒಡೆಯಬೇಕಾದದ್ದು ಒಡೆಯಲಿಲ್ಲ,
ಒಡೆಯಬಾರದ್ದು ಉಳಿಯಲಿಲ್ಲ.

ಕ್ರೇನಿನವನು ಎಂಜಿನ್ ಆಫ್ ಮಾಡಿದ. ಆಗಸ್ಟಿನರು ಹತ್ತಿರ ಬಂದು, ಜುಟ್ಟನ್ನು ಮುಟ್ಟಿ ನೋಡಿ, "ನಮ್ಮ ನೀರಿನಿಂದ ಏನೂ ಆಗಲಿಲ್ಲ ನೋಡು ಮಾರಾಯ" ಎಂದರು.

ನಾನು ಅಳುವವನಿದ್ದೆ. ಅವರು ಲೈಫ್ ಜಾಕೆಟ್ ತೊಟ್ಟು, ಏಣಿ ಹತ್ತಿ, ಚುಕ್ಕಾಣಿಯ ಹಿಂದೆ ಕೂತು, "ಬಾ, ಹತ್ತು, ಗಾಳಿ ಹೋಗ್ತದೆ" ಎಂದು ಕರೆದರು. ಹೀಗೆ ನಾವು ನಾಲ್ವರು, ನೆಲದಿಂದ ಎಂಟಡಿ ಎತ್ತರದಲ್ಲಿ, ಕಬ್ಬಿಣದ ಕಾಲುಗಳ ಮೇಲೆ, ಫೈಲಕಾ ಯಾತ್ರೆ ಹೊರಟೆವು. ಯಾರ್ಡಿನ ಕಾವಲುಗಾರ ಓಡಿಬಂದು, ಹಾಯಿ ಬಿಚ್ಚಿದರೆ ದೋಣಿಯೂ ನಾವೂ ಮಗುಚುತ್ತೇವೆಂದು ಕೈಮುಗಿದ ಕಾರಣ ಹಾಯಿ ಬಿಚ್ಚಲಿಲ್ಲ. ಆಗಸ್ಟಿನರು ಯಾವ ಹಗ್ಗ ಯಾತಕ್ಕೆ, ಗಾಳಿ ತಿರುಗಿದರೆ ಮೊದಲು ಯಾವುದನ್ನು ಸಡಿಲಿಸಬೇಕು ಎಂಬುದನ್ನೆಲ್ಲ ನನ್ನ ಕೈಗೆ ಹಗ್ಗ ಕೊಟ್ಟು, ತಪ್ಪಿದಾಗ ಬೆರಳಿಗೆ ಬಡಿದು ಕಲಿಸಿದರು. "ಡ್ಯಾಡ್, ಟೆಕ್ನಿಕಲೀ ವೀ ಆರ್ ಪಾರ್ಕ್ಡ್" ಎಂದಳು ಅಕ್ಷಿತಾ. "ಸುಮ್ಮನಿರು ಮಗಾ, ಸಮುದ್ರದಲ್ಲಿ ಅಪಶಕುನ ಮಾತಾಡಬಾರದು" ಎಂದರು ಆಗಸ್ಟಿನರು. ಎದುರು ಎರಡು ದೋಣಿಗಳ ಸಂದಿಯಲ್ಲಿ ಒಂದು ನೀರಿನ ಟ್ಯಾಂಕರ್ ನಿಂತಿತ್ತು. ಎರಡು ಗಂಟೆಯ ಹೊತ್ತಿಗೆ ಅದರತ್ತ ಬೊಟ್ಟು ಮಾಡಿ "ಓ ಅಲ್ಲಿ, ಫೈಲಕಾ" ಎಂದರು. ಸುಗಂಧಿ ರೊಟ್ಟಿ ಬಡಿಸಿದಳು. ಸ್ಟೋರಿನ ಕುರ್ಚಿ ಬಿಟ್ಟು ಏಳದ ನನಗೆ, ಅಲುಗದ ದೋಣಿಯಲ್ಲೂ ವಾಂತಿ ಬಂದಂತಾಯಿತು.

ಊಟ ಮುಗಿದ ಮೇಲೆ, ಹೆಂಗಸರು ಕೆಳಗಿಳಿದಾಗ, ನಾನು ಜನವರಿಯ ಡಬ್ ಅನ್ನು ಒಪ್ಪಿಕೊಂಡೆ. ತಾನು ಒಡೆಯದೆ ತಮ್ಮನ್ನು ಒಡೆದ ಆ ಕಾಯಿ ಇಲ್ಲದಿದ್ದರೆ ನಡುನೀರಿನಲ್ಲಿ ಮೊದಲ ದೊಡ್ಡ ಅಲೆಯೇ ಆ ಕೆಲಸ ಮಾಡುತ್ತಿತ್ತು, ಆಗ ನಮ್ಮ ನಾಲ್ವರಿಗೂ ಆ ಜ್ಞಾನಿ ಪಂಪೇ ಗತಿಯಾಗುತ್ತಿತ್ತು ಎಂದೆ. ಆಗಸ್ಟಿನರು ಚುಕ್ಕಾಣಿ ಬಿಡದೆ, ಟ್ಯಾಂಕರಿನಿಂದ ಕಣ್ಣು ತೆಗೆಯದೆ, "ಒಳಗೆ ಕೂತವನಿಗೆ ಹೊರಗಿನವನಿಗಿಂತ ಚೆನ್ನಾಗಿ ಕೇಳ್ತದೆ ಮಾರಾಯ. ನನಗೂ ಡಬ್ ಅಂತಲೇ ಕೇಳಿದ್ದು. ನೀನು ಟಕ್ ಅಂದೆಯಲ್ಲ, ಹೋಗುವ ಆಸೆ ಇತ್ತು, ನಾನೂ ಹೌದು ಅಂದುಕೊಂಡೆ" ಎಂದರು.

ಮಾನ್ಯರೇ, ನನ್ನ ದೂರು ಇದೇ. ಇಬ್ಬರು ಗಂಡಸರು ಒಬ್ಬರಿಗೊಬ್ಬರು ಪ್ರೀತಿಯಿಂದ ಸುಳ್ಳು ಹೇಳುತ್ತಿರುವಾಗ ನಡುವೆ ನಿಜ ಹೇಳಲು ತಮಗೆ ಅಧಿಕಾರ ಕೊಟ್ಟವರು ಯಾರು? ಹೇಳಿದ್ದೇ ಆದರೆ ಇನ್ನಷ್ಟು ಗಟ್ಟಿಯಾಗಿ ಹೇಳಬಾರದಿತ್ತೇ?

ಅವರು ಏಪ್ರಿಲ್ ಎರಡಕ್ಕೆ ಹೋದರು. ನಾನು ಆ ಜಾಗವನ್ನು ಕೊರೆದು, ಕೊಳೆತದ್ದನ್ನೆಲ್ಲ ಕಿತ್ತು, ಪದರದ ಮೇಲೆ ಪದರವಿಟ್ಟು, ಈ ಸಲ ಗಡ್ಡದ ಅಜ್ಜ ಹೇಳಿದಷ್ಟೇ ದಿನ ಕಾದು ಕಟ್ಟಿದ್ದೇನೆ. ಕಳೆದ ವಾರ ಕುಟ್ಟಿ, ಆ ಸದ್ದನ್ನು ವಾಟ್ಸಾಪಿನಲ್ಲಿ ಕಲ್ಯಾಣಪುರಕ್ಕೆ ಕಳುಹಿಸಿದೆ. ಉತ್ತರ ಬಂತು: "ಇನ್ನೊಮ್ಮೆ ಕುಟ್ಟು. ಈ ಸಲ ನೀನು ಮಾತಾಡಬೇಡ." ಕುಟ್ಟಿದೆ. "ನವೆಂಬರಿಗೆ ವಿಸಿಟ್ ವೀಸಾ ಸಿಗ್ತದಾ ಕೇಳು" ಎಂದರು.

ಆದಕಾರಣ ತಮ್ಮಲ್ಲಿ ವಿನಂತಿಗಳು: ಸಾಧ್ಯವಾದರೆ ಈ ಬೇಸಿಗೆಯನ್ನು ಎರಡು ವಾರದಲ್ಲಿ ಮುಗಿಸಿ ನವೆಂಬರನ್ನು ಜುಲೈಗೆ ಕರೆಸಿಕೊಳ್ಳುವುದು; ಆಗದಿದ್ದರೆ ಫೈಲಕಾವನ್ನು ಯಾರ್ಡಿನ ಗೇಟಿನ ತನಕ ತರಿಸಿಕೊಳ್ಳುವುದು; ಅದೂ ಆಗದಿದ್ದರೆ ತಾವೇ ಒಂದು ಹೆಜ್ಜೆ ಕಲ್ಯಾಣಪುರದ ತನಕ ಹೋಗಿ ಅವರನ್ನು ಕೂರಿಸಿಕೊಂಡು ಬರುವುದು. ಇವು ಮೂರೂ ಹೆಚ್ಚಾಯಿತೆಂದು ತೋರಿದರೆ, ನವೆಂಬರ್ ತನಕ ಟಕ್ ಎನ್ನುತ್ತ ಇದ್ದರೆ ಸಾಕು.

ಇಂತಿ, ಬಲಮಂಡಿಯೊಂದನ್ನು ಬಿಟ್ಟು ಉಳಿದ ಸರ್ವಾಂಗಗಳಿಂದಲೂ
ತಮ್ಮ ವಿಶ್ವಾಸಿ,
ಮೋನಪ್ಪ
(ಸೋರುವ ಅರ್ಧದ ಮಾಲೀಕ)

ಮರೆತ ಮಾತು: ತಮ್ಮ ಮೂತಿಯಿಂದ ಕಿತ್ತ ಆ ಕಾಯಿಯನ್ನು ಮರುವಾರ ಸುಗಂಧಿ ಚಟ್ನಿಗೆಂದು ಒಡೆದಳು. ಒಳಗೆ ಪೂರಾ ಕೊಳೆತಿತ್ತು. ಇಪ್ಪತ್ತು ಕಾಯಿಗಳಲ್ಲಿ ಕುಟ್ಟಿ ಆರಿಸಿ ತಂದವನು ನಾನೇ ಎಂಬುದನ್ನು ನವೆಂಬರ್ ತನಕ ಆಗಸ್ಟಿನರಿಗೆ ತಿಳಿಸಬಾರದಾಗಿ ಕೋರಿಕೆ. ವಾಟ್ಸಾಪಿನ ಆ ಟಕ್ ಮೇಲೆ ಅವರು ಟಿಕೆಟ್ ಮಾಡಿಸುತ್ತಿದ್ದಾರೆ.