ಕಸದ ಗಾಡಿಗೊಂದು ವಾದನಕ್ಷೆ

ಎಂಟುನೂರು ನಾಗರಿಕರ ಜಗಳವನ್ನು ಒಂದೇ ಪರದೆಯ ಮೇಲೆ ಬಗೆಹರಿಸಿದ ಮಹಾನುಭಾವ ನಾನು. ಅಂಥವನಿಗೆ ಒಬ್ಬಳೇ ಹೆಂಡತಿಯನ್ನು ವಾದದಲ್ಲಿ ಸೋಲಿಸುವುದು ಯಾವ ದೊಡ್ಡ ಮಾತು? ಹೀಗೆಂದುಕೊಂಡೇ ಆ ಮಂಗಳವಾರ ರಣರಂಗಕ್ಕೆ ಇಳಿದೆ.

ತೈಪೆ ನಗರಾಡಳಿತದ ಜನಾಭಿಪ್ರಾಯ ವಿಭಾಗದಲ್ಲಿ ನನ್ನ ಕೆಲಸ. ಅಲ್ಲಿ ನನ್ನ ಬ್ರಹ್ಮಾಸ್ತ್ರ ಆನ್‌ಲೈನ್ ವಾದನಕ್ಷೆ. ಮೇಲೊಂದು ಪ್ರಶ್ನೆ, ಕೆಳಗೆ ಕೊಂಬೆ ಕೊಂಬೆಯಾಗಿ ಪರ ಇರುವವರ ಹಸಿರು ಪೆಟ್ಟಿಗೆ, ವಿರೋಧಿಗಳ ಕೆಂಪು ಪೆಟ್ಟಿಗೆ. ಯಾರು ಬೇಕಾದರೂ ಫೋನಿನಿಂದಲೇ ಸೇರಿಸಬಹುದು, ಆದರೆ ಕಾರಣ ಬರೆಯಲೇಬೇಕು. ಯಾವ ಹಸಿರನ್ನು ಯಾವ ಕೆಂಪೂ ಅಲ್ಲಾಡಿಸದೋ ಅದೇ ತೀರ್ಮಾನ. ಸ್ಕೂಟರ್ ನಿಲ್ಲಿಸುವ ಜಾಗಕ್ಕಾಗಿ ಹೊಡೆದಾಡಲು ಬಂದವರೂ ಇದರ ಮುಂದೆ ಸಾಧುಗಳಾಗಿದ್ದರು!

ಮನೆಯ ತಕರಾರು ಇಷ್ಟೇ. ಸಂಜೆ ಏಳು ಹತ್ತಕ್ಕೆ ಕಸದ ಗಾಡಿ ಪಿಯಾನೊ ರಾಗ ನುಡಿಸುತ್ತ ಗಲ್ಲಿಯ ತುದಿಗೆ ಬಂದು ಐದೇ ನಿಮಿಷ ನಿಲ್ಲುತ್ತದೆ. ಚೀಲವನ್ನು ನಾವೇ ಒಯ್ದು ಎಸೆಯಬೇಕು. ಅದೇ ಹೊತ್ತಿಗೆ ನನ್ನ ಬ್ಯಾಡ್ಮಿಂಟನ್! ಬ್ಯಾಡ್ಮಿಂಟನ್ ಬಿಟ್ಟರೆ ನನಗೆ ಬೇರೆ ಸುಖವಿಲ್ಲ.

"ಪೇ-ಶಾನ್, ಕಸ ಯಾರು ಹಾಕ್ಬೇಕು ಅನ್ನೋದನ್ನ ಇವತ್ತು ನಕ್ಷೆ ಹಾಕಿ ತೀರ್ಮಾನ ಮಾಡೋಣ," ಎಂದೆ.

ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಿದಳು. "ಒಂದು ಚೀಲ ಕೆಳಗಿಳಿಸೋಕೆ ನಕ್ಷೆನಾ? ಮೆಟ್ಟಿಲು ಎಲ್ಲಿದೆ ಅಂತ ಗೊತ್ತಿಲ್ವೇನ್ರೀ?"

"ಭಾವನೆ ಬೇಡ, ತರ್ಕ ಬೇಕು!"

"ಆಯ್ತು ಕಳ್ಸಿ. ಕೈ ಖಾಲಿ ಆದಾಗ ನೋಡ್ತೀನಿ."

"ಕಸ ಹೆಂಡತಿಯೇ ಹಾಕಲಿ" ಎಂದು ಮೊದಲ ಹಸಿರು ಬರೆದು ಕಳಿಸಿದೆ. ಅವಳಿಗಲ್ಲ! ಆತುರದಲ್ಲಿ ಬೆರಳು ಜಾರಿ, ನಮ್ಮ ಐದಂತಸ್ತಿನ ಕಟ್ಟಡದ ಹತ್ತೂ ಮನೆಯವರಿರುವ ಗುಂಪಿಗೆ ಹೋಯಿತು.

ಹೆಂಡತಿ ಬಾಯಿ ತೆರೆಯುವ ಮೊದಲೇ ನಾಲ್ಕನೇ ಮಹಡಿಯ ಲ್ಯಾವ್ ಅಜ್ಜಿಯ ಕೆಂಪು ಬಿತ್ತು: "ಹೆಂಡ್ತಿ ಬೇಯಿಸ್ತಾಳೆ, ಇವನು ಚಡ್ಡಿ ಹಾಕ್ಕೊಂಡು ಕುಣಿಯೋಕೆ ಹೋಗ್ತಾನೆ." ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು "ಮೊದಲು ಕಸ ಎಂದರೇನು?" ಎಂದು ಹೊಸ ಕೊಂಬೆಯನ್ನೇ ಚಿಗುರಿಸಿದರು. ಮೂರನೇ ಮಹಡಿಯ ಗಾವ್ ಅಣ್ಣ ನನ್ನ ಆಟದ ಜೊತೆಗಾರ. ಅವನೂ ಆಟಕ್ಕೆ ಚಕ್ಕರ್ ಹೊಡೆದು ನಕ್ಷೆಯಲ್ಲೇ ಕೂತ. ಬ್ಯಾಡ್ಮಿಂಟನ್ ಉಳಿಸಿಕೊಳ್ಳುವ ವಾದಕ್ಕಾಗಿ ನಾನೂ ಬ್ಯಾಡ್ಮಿಂಟನ್ ಬಿಟ್ಟಿದ್ದೆ! ನೂರಾ ನಲವತ್ತು ಪೆಟ್ಟಿಗೆ! ಕಚೇರಿಯಲ್ಲೂ ಇಷ್ಟು ಜನಸ್ಪಂದನ ಕಂಡವನಲ್ಲ ನಾನು.

"ರೀ, ಹಾಡು ನಿಂತೋಯ್ತು," ಎಂದಳು ಪೇ-ಶಾನ್.

"ಯಾವ ಹಾಡು?"

"ಕಸದ ಗಾಡೀದು!"

ಹತ್ತೂ ಮನೆಯವರು ಕಾರಣ ಬರೆಯುವುದರಲ್ಲಿ ಮುಳುಗಿ, ಗಾಡಿ ಬಂದು ಹೋದದ್ದೇ ತಿಳಿದಿರಲಿಲ್ಲ. ಚಪ್ಪಲಿಯಲ್ಲೇ ಮುಂದಿನ ಗಲ್ಲಿವರೆಗೆ ಓಡಿದೆವು. ಸಿಕ್ಕಿದ್ದು ಹೊಗೆ ಮಾತ್ರ. ಮರುದಿನ ಬುಧವಾರ, ಗಾಡಿಗೆ ರಜೆ. ಜುಲೈ ತಿಂಗಳ ಸೆಕೆ, ಹತ್ತು ಮನೆಯ ಕಳಲೆ ಸಿಪ್ಪೆ, ಮೀನಿನ ತಲೆ! ಮೇಷ್ಟ್ರಿಗೆ ಕಸ ಎಂದರೇನೆಂದು ಮೂಗೇ ಹೇಳಿಕೊಟ್ಟಿತು.

ಗುರುವಾರ ಸಂಜೆ ನಕ್ಷೆ ತೆರೆದರೆ ತುತ್ತತುದಿಯಲ್ಲಿ ಹೊಸ ಹಸಿರು: "ನಕ್ಷೆ ಹಾಕಿದವನೇ ಇನ್ನು ಮೂರು ತಿಂಗಳು ಇಡೀ ಕಟ್ಟಡದ ಕಸ ಹೊರಲಿ." ಬರೆದವಳು ನನ್ನ ಹೆಂಡತಿ! ಉಳಿದ ಒಂಬತ್ತು ಮನೆಯವರೂ ಒಪ್ಪಿಗೆ ಒತ್ತಿದ್ದರು. ಒಂದೇ ಒಂದು ಕೆಂಪಿಲ್ಲ.

ಸುಮ್ಮನಿರುತ್ತೇನೆಯೇ? ಕೂಡಲೇ ಕೆಂಪು ಹಾಕಿ ಕಾರಣ ಬರೆದೆ: "ನಾನಿಲ್ಲದೆ ಬ್ಯಾಡ್ಮಿಂಟನ್ ತಂಡ ಮುಳುಗುತ್ತದೆ."

ಅರೆಗಳಿಗೆಯಲ್ಲಿ ಅದರ ಕೆಳಗೆ ಗಾವ್ ಅಣ್ಣನ ಉತ್ತರ ಮೂಡಿತು. ಪೇ-ಶಾನ್ ಅದನ್ನು ಗಟ್ಟಿಯಾಗಿ ಓದಿದಳು: "ಆರು ವರ್ಷದಿಂದ ಇವನ ಜೋಡಿ ನಾನು. ದಯವಿಟ್ಟು ಕಸಕ್ಕೇ ಕಳಿಸಿ."

"ನಿಮ್ ಕೆಂಪು ಬಿದ್ದೋಯ್ತು ಸಾಹೇಬ್ರೇ, ಬಕೆಟ್ ತಗೊಳ್ಳಿ," ಎಂದಳು ನಗು ತಡೆಯಲಾರದೆ.

ನಿಜ ಹೇಳಲೇ? ಹೊರುವುದು ಅಷ್ಟೇನೂ ಕಷ್ಟವಲ್ಲ. ಬೊಜ್ಜು ಕರಗಿದೆ, ಲ್ಯಾವ್ ಅಜ್ಜಿ ದಿನವೂ ಸೀಬೆಹಣ್ಣು ಹೆಚ್ಚಿ ಕೊಡುತ್ತಾರೆ, ಹೆಂಡತಿ ನಗುತ್ತಲೇ ಬಾಗಿಲು ತೆರೆಯುತ್ತಾಳೆ. ನನಗೆ ಖುಷಿಯೇ ಆಗಿದೆ. ನಾನು ಬಿಟ್ಟ ಮೇಲೆ ನಮ್ಮ ಬ್ಯಾಡ್ಮಿಂಟನ್ ತಂಡ ಮಾತ್ರ ಸಾಲಾಗಿ ನಾಲ್ಕು ಪಂದ್ಯ ಗೆದ್ದಿದೆ!