ಚೊಚ್ಚಲ ಹಸುವಿನ ಹೆರಿಗೆಗೆ ಹೋದದ್ದು

ಮೆಂತ್ಯದ ಸೊಪ್ಪು ಬಿಡಿಸುವಾಗ ನಾನು ಯಾರ ಫೋನನ್ನೂ ಎತ್ತುವವಳಲ್ಲ. ಆವತ್ತು ಗೋಡೆಯ ಫೋನ್ ಎತ್ತಿದ್ದು ದೇವರ ಪ್ರೇರಣೆಯೇ ಇರಬೇಕು. ಟೆಕ್ಸಾಸಿನ ರೌಂಡ್ ರಾಕ್‌ನಲ್ಲಿ ನಮ್ಮ ಹಿತ್ತಲಿನ ಬೇಲಿಯಾಚೆ, ಟೇಲರ್ ಊರಿನ ಕಡೆಗೆ, ಮಾರ್ಥಾ ಎಂಬಾಕೆಯ ಹುಲ್ಲುಗಾವಲು. ಹಾಲಿಗಲ್ಲ, ಮಾಂಸಕ್ಕೆ ಸಾಕುವ ದನ. ಅದು ಗೊತ್ತಾದ ಮೇಲೆ ಬಹಳ ದಿನ ನಾನು ಆ ಕಡೆಯ ಕಿಟಕಿಯ ಪರದೆಯನ್ನೇ ಸರಿಸಿರಲಿಲ್ಲ. ಆದರೆ ಮೇವು, ಲಸಿಕೆ, ಬೆದೆ ಎಂದರೆ ಅವಳಿಗೆ ನಮ್ಮ ಅತ್ತೆಯವರಿಗೆ ಏಕಾದಶಿಯಲ್ಲಿದ್ದಷ್ಟೇ ನಿಷ್ಠೆ. ಅದನ್ನು ಕಂಡು ಪರದೆಯನ್ನೂ ಮನಸ್ಸನ್ನೂ ತುಸು ಸರಿಸಿದ್ದೆ.

"ಸುಮಿ, ಚೊಚ್ಚಲ ಹಸು ಒದ್ದಾಡ್ತಿದೆ. ನನ್ ಗಂಡ ಹ್ಯೂಸ್ಟನ್‌ಗೆ ಹೋಗಿದಾನೆ, ಡಾಕ್ಟರು ಬರೋ ಹೊತ್ತಿಗೆ ಕೈಮೀರುತ್ತೆ. ನೀವು ಹಸು ಪೂಜೆ ಮಾಡೋ ಜನ, ನಿನಗೆಲ್ಲಾ ಗೊತ್ತಿರುತ್ತೆ. ಬೇಗ ಬಾ!"

ನಾನು ಮಲ್ಲೇಶ್ವರದವಳು. ನನಗೆ ಗೊತ್ತಿದ್ದದ್ದು ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವುದು. ಗೃಹಪ್ರವೇಶದ ಹಸುವಿಗೆ ಕುಂಕುಮ ಹಚ್ಚಲು ಹೋಗಿ, ಅದು ಬಾಲ ಬೀಸಿದ್ದಕ್ಕೆ ಪುರೋಹಿತರ ಹಿಂದೆ ಅಡಗಿದವಳು. ಆದರೂ ಓಡಿದೆ.

ಕರುವಿನ ಮುಂಗಾಲುಗಳು ಮಾತ್ರ ಹೊರಗೆ ಬಂದಿದ್ದವು. ಮಾರ್ಥಾ ಅವಕ್ಕೆ ಹಗ್ಗ ಕಟ್ಟಿ ತುದಿಯನ್ನು ನನ್ನ ಕೈಗಿಟ್ಟಳು. "ಅವಳು ತಿಣುಕಿದಾಗ ಎಳಿ. ಅವಳು ಸುಮ್ಮನಿದ್ರೆ ನೀನೂ ಸುಮ್ಮನಿರು!" ಗಂಡು ಕರುಗಳು ಹರಾಜಿಗೆ ಹೋಗುತ್ತವೆ, ಒಳ್ಳೆಯ ಹೆಣ್ಣುಗಳನ್ನು ತಳಿಗೆ ಉಳಿಸಿಕೊಳ್ಳುತ್ತೇವೆ ಎಂದು ಅವಳು ಹಿಂದೊಮ್ಮೆ ಹೇಳಿದ್ದಳು. ಎಳೆಯುತ್ತಲೇ ರಾಯರನ್ನು ಬೇಡಿಕೊಂಡೆ: ಬದುಕಲಿ ತಂದೆ, ಹೆಣ್ಣಾಗಿ ಬದುಕಲಿ. ನಾನು ಬಸಿರಿಯಾಗಿದ್ದಾಗ ಅತ್ತೆಯವರು ಗಂಡಾಗಲೆಂದು ಹರಕೆ ಹೊತ್ತಿದ್ದರು. ಒಂದೇ ಮನೆಯಿಂದ ಎರಡು ಥರದ ಅರ್ಜಿ ಬಂತೆಂದು ರಾಯರಿಗೆ ಗೊಂದಲವಾಗದಿರಲಿ ಅಂತ, ಇದು ಟೆಕ್ಸಾಸಿನ ಹಸುವಿಗೆ ಎಂದು ಬಿಡಿಸಿ ಹೇಳಿದೆ.

ಕರು ಧೊಪ್ಪೆಂದು ಜಾರಿ ಬಿತ್ತು. ಉಸಿರಿಲ್ಲ. ಮಾರ್ಥಾ ಅದರ ಮೂಗು ಒರೆಸಿ, ಹುಲ್ಲುಕಡ್ಡಿಯಿಂದ ಹೊಳ್ಳೆಯನ್ನು ಕೆಣಕಿದಳು. ನನ್ನ ಮುಖಕ್ಕೇ ಸೀನಿತು! ಅಂಥ ಮಂಗಳಕರವಾದ ಸೀನನ್ನು ನಾನು ಯಾವ ಶುಭಕಾರ್ಯದಲ್ಲೂ ಕೇಳಿಲ್ಲ. ಮಾರ್ಥಾ ಹಿಂಗಾಲೆತ್ತಿ ನೋಡಿ, "ಹುಡುಗಿ! ಇವಳು ಇಲ್ಲೇ ಇರ್ತಾಳೆ" ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅದರಲ್ಲಿ ಕರುವಿನದೆಷ್ಟು, ನನ್ನ ಕಣ್ಣಿನದೆಷ್ಟು, ತಿಳಿಯಲಿಲ್ಲ.

ಸಂಜೆ, ಕೆಲಸದ ಮೇಲೆ ಡಾಲಸ್‌ಗೆ ಹೋಗಿದ್ದ ನನ್ನವರು ಫೋನ್ ಮಾಡಿದಾಗ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಗಿಣ್ಣುಹಾಲು ತಂದ್ಯಾ?"

"ಛೀ, ಕರು ಬಾಯಿಂದ ಕಿತ್ಕೊಂಡು ಬರೋದಾ? ಮೊದಲ ಹಾಲು ಪೂರ್ತಿ ಅದಕ್ಕೇ ಬೇಕಂತೆ ರೀ!" ಎಂದು ಗದರಿಸಿ ಫೋನಿಟ್ಟೆ. ಮಾರ್ಥಾಳನ್ನು ಕೇಳಿ ಬೈಸಿಕೊಂಡ ಮೇಲೆ ಬಂದ ಜ್ಞಾನ ಅದು ಎಂದು ಹೇಳುವ ಅಗತ್ಯ ಕಾಣಲಿಲ್ಲ. ಹಸುವಿನ ಹತ್ತಿರ ಓಡುವ ಅವಸರದಲ್ಲೂ ಮರೆಯದೆ ತೆಗೆದಿಟ್ಟು ಹೋಗಿದ್ದ ಬೆಲ್ಲ, ಏಲಕ್ಕಿಯನ್ನು ಮತ್ತೆ ಕಪಾಟಿಗೆ ಸೇರಿಸಿ, ಬೇಳೆ ತೊಳೆಯಲು ನಿಂತೆ.